ಕಾರಿನ ವಿದ್ಯುನ್ಮಾನ ಕೀಲಿಕೈ ಮತ್ತು ಚಾಲಕ ಸಹಾಯಕ ಸಾಧನಗಳು: ಅವುಗಳ ಅನುಮಾನಕ್ರಮ ಹಾಗೂ ಸುರಕ್ಷಿತ ಬಳಕೆ

ಪೀಠಿಕೆ

ಕಾರಿನ ಬೀಗಕ್ಕೆ ಲೋಹದ ಕೀಲಿಕೈಯನ್ನು ತೂರಿಸಿ ತಿರುಗಿಸುವ ರೂಢಿ ಕ್ರಮೇಣ ಹಿಂದೆ ಸರಿಯುತ್ತಿದೆ. ಇಂದು ಹೊಸ ಕಾರನ್ನು ಕೊಂಡವನು ಕೀಲಿಕೈಯನ್ನು ಜೇಬಿನಿಂದ ತೆಗೆಯುವುದೇ ಇಲ್ಲ. ಬಾಗಿಲ ಹಿಡಿಯನ್ನು ಮುಟ್ಟಿದರೆ ಬಾಗಿಲು ತೆರೆಯುತ್ತದೆ. ಒಳಗೆ ಕುಳಿತು ಗುಂಡಿಯನ್ನೊತ್ತಿದರೆ ಎಂಜಿನು ಚಾಲೂ ಆಗುತ್ತದೆ. ಹೆದ್ದಾರಿಯನ್ನು ಸೇರಿದ ಮೇಲೆ ಮುಂದಿನ ವಾಹನಕ್ಕೂ ತನಗೂ ಇರತಕ್ಕ ಅಂತರವನ್ನು ಕಾರೇ ಕಾಯ್ದುಕೊಳ್ಳುತ್ತದೆ. ಗೆರೆ ದಾಟಿದರೆ ಎಚ್ಚರಿಸುತ್ತದೆ. ಡಿಕ್ಕಿ ಸಂಭವಿಸುವಂತೆ ತೋರಿದರೆ ತಾನಾಗಿ ಬ್ರೇಕು ಹಾಕುತ್ತದೆ. 2020-21ರಿಂದೀಚೆಗೆ ಇಂಥ ಸಾಧನಗಳು ನಮ್ಮ ದೇಶದ ಮಧ್ಯಮ ಬೆಲೆಯ ಕಾರುಗಳಿಗೂ ಬಂದಿವೆ. ಆದುದರಿಂದ ಅವು ಕೆಲಸ ಮಾಡುವ ಬಗೆಯನ್ನು ತಿಳಿದುಕೊಳ್ಳುವುದು ಶ್ರೀಮಂತರ ಕುತೂಹಲವಾಗಿ ಉಳಿದಿಲ್ಲ. ರಸ್ತೆಯಲ್ಲಿ ನಡೆಯುವ ಎಲ್ಲರ ಪ್ರಾಣಕ್ಕೂ ಸಂಬಂಧಿಸಿದ ವಿಷಯವಾಗಿದೆ.

ಈ ಲೇಖನದ ಉದಾಹರಣೆಗಳನ್ನು ನಾವು ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯ ಸುತ್ತಣ ಪ್ರದೇಶದಿಂದ ಆರಿಸಿಕೊಂಡಿದ್ದೇವೆ. ಕುಮುದ್ವತಿ ನದಿಯ ದಂಡೆಯ ಈ ಊರು ಕದಂಬೇಶ್ವರ ದೇವಾಲಯದಿಂದಾಗಿ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ನಮ್ಮ ಆಯ್ಕೆಗೆ ಕಾರಣ ಬೇರೆ. ಇಲ್ಲಿಂದ ಕಾರಿನಲ್ಲಿ ಹೊರಟವನು ಮೊದಲು ಊರ ಓಣಿಯನ್ನೂ, ಬಳಿಕ ಹೊಲಗಳ ನಡುವಣ ತಾಲೂಕು ರಸ್ತೆಯನ್ನೂ, ಕೊನೆಗೆ ರಾಣೇಬೆನ್ನೂರಿನ ಬಳಿ 48ನೆಯ ರಾಷ್ಟ್ರೀಯ ಹೆದ್ದಾರಿಯನ್ನೂ ಒಂದೇ ಪ್ರಯಾಣದಲ್ಲಿ ಕಾಣುತ್ತಾನೆ. ಹೆದ್ದಾರಿಗಾಗಿ ರಚಿತವಾದ ಯಂತ್ರವು ಓಣಿಯಲ್ಲಿಯೂ ಹೊಲದ ಬದಿಯಲ್ಲಿಯೂ ಹೇಗೆ ವರ್ತಿಸೀತು ಎಂಬ ಪ್ರಶ್ನೆಗೆ ಇಂಥ ದಾರಿಯೇ ತಕ್ಕ ಒರೆಗಲ್ಲು.

ನಾವು ಪ್ರತಿಪಾದಿಸಬಯಸುವ ಸಂಗತಿ ಒಂದೇ. ಕೀಲಿಕೈಯಾಗಲಿ ಸಹಾಯಕ ಸಾಧನವಾಗಲಿ, ಎರಡೂ ನಮ್ಮ ಪ್ರತ್ಯಕ್ಷದ ಸ್ಥಾನದಲ್ಲಿ ಅನುಮಾನವನ್ನು ಇರಿಸುತ್ತವೆ. ನಮ್ಮ ತರ್ಕಶಾಸ್ತ್ರಜ್ಞರು ಕೊಡುತ್ತ ಬಂದಿರುವ ನಿದರ್ಶನವನ್ನು ನೆನೆಯಬಹುದು: ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಆದುದರಿಂದ ಅಲ್ಲಿ ಬೆಂಕಿಯಿದೆ. ಈ ಅನುಮಾನ ಎರಡು ಬಗೆಯಿಂದ ನಮ್ಮನ್ನು ಮೋಸಗೊಳಿಸಬಹುದು. ಮಂಜನ್ನು ಹೊಗೆಯೆಂದು ಬಗೆದು, ಇಲ್ಲದ ಬೆಂಕಿಯನ್ನು ಇದೆಯೆಂದು ತಿಳಿಯುವುದು ಒಂದು ಬಗೆ. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಹೊಗೆ ಕಾಣಲಿಲ್ಲವೆಂದು, ಇರುವ ಬೆಂಕಿಯನ್ನೇ ಇಲ್ಲವೆಂದು ತಿಳಿಯುವುದು ಎರಡನೆಯ ಬಗೆ. ಕಾರಿನ ಕೀಲಿಕೈ ಹೆಚ್ಚಾಗಿ ಮೊದಲನೆಯ ಬಗೆಯಲ್ಲಿ ತಪ್ಪುತ್ತದೆ. ಸಹಾಯಕ ಸಾಧನಗಳ ಅಪಾಯಕರವಾದ ತಪ್ಪುಗಳು ಎರಡನೆಯ ಬಗೆಯವು. ಯಂತ್ರವು ಯಾವುದನ್ನು ಹೇತುವಾಗಿ ಹಿಡಿದು ಏನನ್ನು ಅನುಮಾನಿಸುತ್ತದೆ ಎಂಬುದನ್ನು ಬಲ್ಲವನು ಮಾತ್ರವೇ ಅದನ್ನು ಎಲ್ಲಿಯವರೆಗೆ ನಂಬಬೇಕೆಂಬುದನ್ನೂ ಬಲ್ಲನು.

ಕೀಲಿಕೈಯ ಮೂರು ಕೆಲಸಗಳು

ಇಂದಿನ ಕೀಲಿಕೈಯ ಪ್ಲಾಸ್ಟಿಕ್ ಕವಚದೊಳಗೆ ಮೂರು ಬೇರೆ ಬೇರೆ ಕೆಲಸಗಳು ಅಡಕವಾಗಿವೆ. ಇವನ್ನು ಬಿಡಿಸಿ ನೋಡದೆ ಮುಂದಿನ ವಿಚಾರ ಸ್ಪಷ್ಟವಾಗುವುದಿಲ್ಲ.

ಮೊದಲನೆಯದು ಎಂಜಿನಿನ ತಡೆಬಂಧ. ಕೀಲಿಕೈಯಲ್ಲಿರುವ ಸಣ್ಣ ಚಿಪ್ಪಿಗೆ ಸ್ವಂತ ಬ್ಯಾಟರಿ ಬೇಕಿಲ್ಲ. ಕಾರಿನ ತಂತಿಸುರುಳಿಯು ಹೊಮ್ಮಿಸುವ, ಸೆಕೆಂಡಿಗೆ ಸುಮಾರು 1,25,000 ಕಂಪನಗಳುಳ್ಳ ಕಾಂತಕ್ಷೇತ್ರದಿಂದಲೇ ಅದು ಶಕ್ತಿಯನ್ನು ಪಡೆದು ತನ್ನ ಗುರುತನ್ನು ಹೇಳುತ್ತದೆ. ಗುರುತು ಸರಿಹೋದರೆ ಮಾತ್ರ ಎಂಜಿನಿಗೆ ಅಪ್ಪಣೆ ದೊರೆಯುತ್ತದೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ಎರಡನೆಯದು ದೂರದಿಂದ ಗುಂಡಿಯನ್ನೊತ್ತಿ ಬಾಗಿಲು ತೆರೆಯುವ ರೇಡಿಯೋ ಸಂಕೇತ. ಇದರ ಕಂಪನಾಂಕ ನಮ್ಮಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 43 ಕೋಟಿ 39 ಲಕ್ಷದ ಆಸುಪಾಸಿನಲ್ಲಿರುತ್ತದೆ. ಕಳ್ಳನು ಒಮ್ಮೆ ಕೇಳಿದ ಸಂಕೇತವನ್ನು ಮತ್ತೆ ಬಳಸಬಾರದೆಂದು, ಪ್ರತಿ ಸಾರಿ ಒತ್ತಿದಾಗಲೂ ಬೇರೆ ಸಂಖ್ಯೆ ಹೊರಡುವಂತೆ ಇದನ್ನು ರಚಿಸಿರುತ್ತಾರೆ. ಮೂರನೆಯದು, ಗುಂಡಿಯನ್ನೂ ಒತ್ತದೆ ಬಾಗಿಲು ತೆರೆಯುವ ವ್ಯವಸ್ಥೆ. ಹಿಡಿಯನ್ನು ಮುಟ್ಟಿದೊಡನೆ ಕಾರು ತನ್ನ ಮಂದ ಕಂಪನದ ಕಾಂತಕ್ಷೇತ್ರದ ಮೂಲಕ "ಯಾರಿದ್ದೀರಿ?" ಎಂದು ಕೇಳುತ್ತದೆ, ಜೇಬಿನಲ್ಲಿರುವ ಕೀಲಿಕೈ ಎಚ್ಚತ್ತು ರೇಡಿಯೋ ಮೂಲಕ ಉತ್ತರ ಕೊಡುತ್ತದೆ.

ಈ ಮೂರನೆಯ ವ್ಯವಸ್ಥೆಯ ಅನುಮಾನವನ್ನು ಪರಿಶೀಲಿಸೋಣ. ಸುರುಳಿಯ ಸಮೀಪದ ಕಾಂತಕ್ಷೇತ್ರವು ದೂರದ ಘನಕ್ಕೆ ವಿಲೋಮವಾಗಿ ಕ್ಷೀಣಿಸುತ್ತದೆ. ದೂರ ಇಮ್ಮಡಿಯಾದರೆ ಬಲ ಎಂಟನೆಯ ಒಂದು ಪಾಲಾಗುತ್ತದೆ. ಆದುದರಿಂದ ಕಾರಿನ ಕೂಗು ಒಂದೆರಡು ಮೀಟರಿನಾಚೆ ಕೇಳಿಸಲಾರದು. ಇದನ್ನೇ ಆಧಾರವಾಗಿಟ್ಟುಕೊಂಡು ಯಂತ್ರವು ಹೀಗೆ ತರ್ಕಿಸುತ್ತದೆ: "ಉತ್ತರ ಬಂದಿತು; ಆದುದರಿಂದ ಕೀಲಿಕೈ ಹತ್ತಿರದಲ್ಲಿದೆ; ಕೀಲಿಕೈ ಹತ್ತಿರದಲ್ಲಿರುವುದರಿಂದ ಒಡೆಯನೂ ಹತ್ತಿರದಲ್ಲಿದ್ದಾನೆ." ಇಲ್ಲಿ ಎರಡು ಅನುಮಾನಗಳು ಒಂದರ ಮೇಲೊಂದು ನಿಂತಿವೆ. ಎರಡನ್ನೂ ಸುಲಭವಾಗಿ ಕೆಡಹಬಹುದು.

ಹೊಗೆಯಂತೆ ತೋರುವ ಮಂಜು

ಇಬ್ಬರು ಕಳ್ಳರಿದ್ದಾರೆಂದು ಭಾವಿಸೋಣ. ಒಬ್ಬನು ಅಂಗಳದ ಕಾರಿನ ಬಳಿಯಲ್ಲಿ ನಿಲ್ಲುತ್ತಾನೆ. ಇನ್ನೊಬ್ಬನು ಮನೆಯ ಬಾಗಿಲ ಬಳಿ, ಒಳಗೆ ಗೂಟಕ್ಕೆ ತೂಗುಹಾಕಿದ ಕೀಲಿಕೈಗೆ ಸಮೀಪದಲ್ಲಿ ನಿಲ್ಲುತ್ತಾನೆ. ಮೊದಲನೆಯವನ ಸಾಧನವು ಕಾರಿನ ಕೂಗನ್ನು ಹಿಡಿದು ಎರಡನೆಯವನಿಗೆ ಸಾಗಿಸುತ್ತದೆ. ಅವನ ಸಾಧನವು ಅದನ್ನು ಕೀಲಿಕೈಗೆ ಕೇಳಿಸುತ್ತದೆ. ಕೀಲಿಕೈ ಪ್ರಾಮಾಣಿಕವಾಗಿ ಉತ್ತರ ಕೊಡುತ್ತದೆ. ಇಲ್ಲಿ ಗುಪ್ತ ಸಂಖ್ಯೆಯನ್ನು ಯಾರೂ ಭೇದಿಸಲಿಲ್ಲ. ಸಂದೇಶವನ್ನು ಯಾರೂ ತಿದ್ದಲಿಲ್ಲ. ದೂರವನ್ನು ಮಾತ್ರ ಮರೆಮಾಚಿದರು. ಜ್ಯೂರಿಕ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎಂಟು ತಯಾರಕರ ಹತ್ತು ಕಾರುಗಳನ್ನು ಹೀಗೆ ಪರೀಕ್ಷಿಸಿದುದನ್ನು ವರದಿ ಮಾಡಿದರು. ಹತ್ತೂ ಕಾರುಗಳು ಮೋಸಹೋದವು.

ಗುಪ್ತ ಸಂಖ್ಯೆಯೇ ದುರ್ಬಲವಾಗಿದ್ದ ನಿದರ್ಶನಗಳೂ ಉಂಟು. ಬಹುಸಂಖ್ಯೆಯ ಕಾರುಗಳಲ್ಲಿ ಬಳಕೆಯಲ್ಲಿದ್ದ 40 ಬಿಟ್ಟುಗಳ ಒಂದು ಚಿಪ್ಪನ್ನು 2005ರಲ್ಲಿ ಅಮೆರಿಕದ ಸಂಶೋಧಕರು ಭೇದಿಸಿ ತೋರಿಸಿದರು. ಆದರೆ ಸಂಖ್ಯೆಯನ್ನು ಎಷ್ಟು ಬಲಪಡಿಸಿದರೂ ಮೇಲೆ ಹೇಳಿದ ಸಾಗಣೆಯ ಮೋಸ ನಿಲ್ಲುವುದಿಲ್ಲವೆಂಬುದು ಗಮನಾರ್ಹ. ಏಕೆಂದರೆ ದೋಷವಿರುವುದು ಗುಟ್ಟಿನಲ್ಲಿ ಅಲ್ಲ, ಅನುಮಾನದಲ್ಲಿ. ಇದಕ್ಕೆ ಸರಿಯಾದ ಪರಿಹಾರ ದೂರವನ್ನೇ ಅಳೆಯುವುದು. ಬೆಳಕಾಗಲಿ ರೇಡಿಯೋ ತರಂಗವಾಗಲಿ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ಸುಮಾರು 30 ಸೆಂಟಿಮೀಟರು ಸಾಗುತ್ತದೆ. ಪ್ರಶ್ನೆ ಹೊರಟು ಉತ್ತರ ಮರಳುವ ಕಾಲವನ್ನು ಇಷ್ಟು ಸೂಕ್ಷ್ಮವಾಗಿ ಎಣಿಸಿದರೆ, 30 ಮೀಟರು ದೂರದಲ್ಲಿರುವ ಕೀಲಿಕೈ ತಾನು ಬಳಿಯಲ್ಲಿಯೇ ಇದ್ದೇನೆಂದು ನಟಿಸಲಾರದು. ಅಗಲ ಪಟ್ಟಿಯ ರೇಡಿಯೋ ಸ್ಪಂದಗಳನ್ನು ಬಳಸುವ ಹೊಸ ಕೀಲಿಕೈಗಳು ಈ ತತ್ತ್ವವನ್ನೇ ಅನುಸರಿಸುತ್ತವೆ. ಅಂಥ ಕೀಲಿಕೈ ಇಲ್ಲದವರು ಹಳೆಯ ಉಪಾಯವನ್ನು ಹಿಡಿಯಬೇಕು.

ಉಪಾಯವು ಸರಳವಾಗಿದೆ. ರಾತ್ರಿ ಕೀಲಿಕೈಯನ್ನು ಬಾಗಿಲ ಪಕ್ಕದ ಗೂಟಕ್ಕಾಗಲಿ ಕಿಟಕಿಯ ಮೇಲಾಗಲಿ ಇಡದೆ, ಬಿಗಿಯಾದ ಮುಚ್ಚಳವುಳ್ಳ ಉಕ್ಕಿನ ಡಬ್ಬಿಯಲ್ಲಿ ಹಾಕಿ ಒಳಕೋಣೆಯಲ್ಲಿಡತಕ್ಕದ್ದು. ಡಬ್ಬಿ ನಿಜವಾಗಿ ತಡೆಯುತ್ತದೆಯೇ ಎಂಬುದನ್ನು ಪರೀಕ್ಷಿಸದೆ ನಂಬಬಾರದು: ಕೀಲಿಕೈಯಿದ್ದ ಡಬ್ಬಿಯನ್ನು ಕೈಯಲ್ಲಿ ಹಿಡಿದು ಕಾರಿನ ಬಳಿ ನಿಂತು ಹಿಡಿಯನ್ನು ಎಳೆದುನೋಡಬೇಕು. ಬಾಗಿಲು ತೆರೆದರೆ ಆ ಡಬ್ಬಿ ನಿಷ್ಪ್ರಯೋಜಕ. ಕೆಲವು ಕಾರುಗಳಲ್ಲಿ ಮುಟ್ಟಿ ತೆರೆಯುವ ವ್ಯವಸ್ಥೆಯನ್ನು ನಿಲ್ಲಿಸಿ, ಗುಂಡಿಯ ಬಳಕೆಯನ್ನು ಮಾತ್ರ ಉಳಿಸಿಕೊಳ್ಳಲು ಅವಕಾಶವಿದೆ; ಕೈಪಿಡಿಯನ್ನು ನೋಡಿ ಹಾಗೆ ಮಾಡಬಹುದು. ಸ್ಟಿಯರಿಂಗಿಗೆ ಹಾಕುವ ಕಬ್ಬಿಣದ ಬೀಗವನ್ನು ಹಳೆಯ ಕಾಲದ್ದೆಂದು ಹೀಗಳೆಯಬಾರದು. ರೇಡಿಯೋ ತರಂಗಕ್ಕೆ ಅದು ಓಗೊಡುವುದಿಲ್ಲ.

ಒಡೆಯನಿಲ್ಲದ ಕೀಲಿಕೈ, ಕೀಲಿಕೈಯಿಲ್ಲದ ಒಡೆಯ

"ಕೀಲಿಕೈ ಇದ್ದಲ್ಲಿ ಒಡೆಯನಿದ್ದಾನೆ" ಎಂಬ ಎರಡನೆಯ ಅನುಮಾನವು ಕಳ್ಳನಿಲ್ಲದೆಯೂ ಕೆಡುತ್ತದೆ. ಇದರಿಂದಾಗುವ ಹಾನಿ ಕಳವಿಗಿಂತಲೂ ದೊಡ್ಡದು.

ಒಂದು ಸಾಮಾನ್ಯ ಸಂದರ್ಭವನ್ನು ತೆಗೆದುಕೊಳ್ಳೋಣ. ರಟ್ಟೀಹಳ್ಳಿಯ ಮನೆಯ ಮುಂದೆ ತಮ್ಮನು ಕಾರನ್ನು ಚಾಲೂ ಮಾಡುತ್ತಾನೆ, ಅಣ್ಣನು ನಡೆಸುತ್ತಾನೆ. ತಮ್ಮನು ಬಸ್‌ಸ್ಟ್ಯಾಂಡಿನಲ್ಲಿ ಇಳಿದುಹೋಗುತ್ತಾನೆ. ಕೀಲಿಕೈ ಅವನ ಜೇಬಿನಲ್ಲಿಯೇ ಉಳಿಯುತ್ತದೆ. ಕಾರು ಒಂದು ಸದ್ದನ್ನು ಮಾಡಿ ಎಚ್ಚರಿಸೀತೇ ಹೊರತು ಓಡುತ್ತಿರುವ ಎಂಜಿನನ್ನು ನಿಲ್ಲಿಸುವುದಿಲ್ಲ. ನಡುರಸ್ತೆಯಲ್ಲಿ ಎಂಜಿನು ನಿಲ್ಲುವುದು ಅಪಾಯಕರವಾದುದರಿಂದ ಹಾಗೆ ರಚಿಸಿರುತ್ತಾರೆ. ಅಣ್ಣನು ರಾಣೇಬೆನ್ನೂರಿನಲ್ಲಿ ಎಂಜಿನನ್ನು ನಿಲ್ಲಿಸಿದ ಮೇಲೆ ಅದನ್ನು ಮತ್ತೆ ಚಾಲೂ ಮಾಡಲಾರನು. ಆದುದರಿಂದ ನಡೆಸುವವನ ಮೈಮೇಲೆಯೇ ಕೀಲಿಕೈ ಇರತಕ್ಕದ್ದೆಂಬುದು ಮನೆಯ ನಿಯಮವಾಗಬೇಕು.

ಇದರ ವಿಲೋಮ ಸಂದರ್ಭವು ಮಾರಕವಾದುದು. ಲೋಹದ ಕೀಲಿಕೈಯನ್ನು ಹಿಂದಕ್ಕೆ ತಿರುಗಿಸದೆ ಹೊರಗೆ ತೆಗೆಯುವಂತಿರಲಿಲ್ಲ. ಕೈಗೆ ಕೀಲಿಕೈ ಬಂದಿತೆಂದರೆ ಎಂಜಿನು ನಿಂತಿತೆಂದೇ ಅರ್ಥ. ಗುಂಡಿಯ ಕಾರಿನಲ್ಲಿ ಈ ನಂಟು ಕಡಿದುಹೋಗಿದೆ. ಎಂಜಿನು ಓಡುತ್ತಿರುವಾಗಲೇ ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ಇಳಿದುಹೋಗಬಹುದು. ಸದ್ದಿಲ್ಲದ ಹೈಬ್ರಿಡ್ ಕಾರುಗಳಲ್ಲಿ ಮರೆವು ಇನ್ನೂ ಸುಲಭ. ಮನೆಗೆ ಅಂಟಿಕೊಂಡ ಮುಚ್ಚಿದ ಗ್ಯಾರೇಜಿನಲ್ಲಿ ಹೀಗೆ ಓಡುತ್ತ ಉಳಿದ ಎಂಜಿನು ಉಗುಳಿದ ಕಾರ್ಬನ್ ಮಾನಾಕ್ಸೈಡಿನಿಂದ 2006ರಿಂದ ಮೊದಲಾಗಿ ಎರಡು ಡಜನಿಗೂ ಹೆಚ್ಚು ಜನ ಮೃತರಾದರೆಂದು 2018ರಲ್ಲಿ ಅಮೆರಿಕದ ವೃತ್ತಪತ್ರಿಕೆ ಬಯಲಿಗೆಳೆಯಿತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಕಡೆ ಮುಚ್ಚಿದ ಗ್ಯಾರೇಜು ವಿರಳವಾದರೂ, ನೆಲಮನೆಯಲ್ಲಿ ಕಾರು ನಿಲ್ಲಿಸಿ ಮೇಲೆ ವಾಸಿಸುವ ಮನೆಗಳು ಪಟ್ಟಣಗಳಲ್ಲಿ ಹೆಚ್ಚುತ್ತಿವೆ. ಗೇರನ್ನು ನಿಲುಗಡೆಯ ಸ್ಥಾನಕ್ಕೆ ತರುವುದು, ಕೈಬ್ರೇಕು ಹಾಕುವುದು, ಗುಂಡಿಯನ್ನೊತ್ತುವುದು, ಮುಂದಣ ಫಲಕದ ದೀಪಗಳು ಆರಿದುವೆಂದು ಕಣ್ಣಾರೆ ನೋಡುವುದು: ಈ ನಾಲ್ಕನ್ನೂ ಮಾಡದೆ ಇಳಿಯಬಾರದು.

ಮಕ್ಕಳ ವಿಷಯದಲ್ಲಿ ಎರಡು ಎಚ್ಚರಿಕೆಗಳನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಕೀಲಿಕೈಯೊಳಗಿನ ನಾಣ್ಯದಾಕಾರದ ಬ್ಯಾಟರಿಯನ್ನು ಮಗು ನುಂಗಿದರೆ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಗಳೊಳಗೆ ಗಂಭೀರವಾಗಿ ಸುಡಬಲ್ಲದು. ಆದುದರಿಂದ ಅಳುವ ಮಗುವಿನ ಕೈಗೆ ಕೀಲಿಕೈಯನ್ನು ಆಟಿಗೆಯಾಗಿ ಕೊಡಬಾರದು, ನುಂಗಿದ ಸಂಶಯ ಬಂದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎರಡನೆಯದಾಗಿ, ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗಣ ಉಷ್ಣತೆ ಹತ್ತು ನಿಮಿಷಗಳಲ್ಲಿ ಸುಮಾರು 10 ಡಿಗ್ರಿಯಷ್ಟು ಏರುತ್ತದೆ. ಮಗುವನ್ನು ಒಳಗೆ ಕುಳ್ಳಿರಿಸಿ ಒಂದು ಕ್ಷಣಕ್ಕೆಂದು ಅಂಗಡಿಗೆ ಹೋಗುವುದು ಎಂದಿಗೂ ಸಲ್ಲದು.

ಬ್ಯಾಟರಿ ಕ್ಷೀಣಿಸಿದಾಗ ಗಾಬರಿಯಾಗಲು ಕಾರಣವಿಲ್ಲ. ಬಹುತೇಕ ಕೀಲಿಕೈಗಳೊಳಗೆ ಲೋಹದ ಸಣ್ಣ ಕೀಲಿಯೊಂದು ಅಡಗಿರುತ್ತದೆ. ಅದರಿಂದ ಬಾಗಿಲನ್ನು ತೆರೆಯಬಹುದು. ಬಳಿಕ ಕೀಲಿಕೈಯನ್ನು ಚಾಲನೆಯ ಗುಂಡಿಗೆ ತಾಗಿಸಿ, ಅಥವಾ ಕೈಪಿಡಿ ತೋರಿಸುವ ಸ್ಥಳದಲ್ಲಿ ಇಟ್ಟು, ಎಂಜಿನನ್ನು ಚಾಲೂ ಮಾಡಬಹುದು. ಬ್ಯಾಟರಿಯಿಲ್ಲದೆ ಕೆಲಸ ಮಾಡುವ ಚಿಪ್ಪು ಇಲ್ಲಿ ನೆರವಿಗೆ ಬರುತ್ತದೆ.

ಸಹಾಯಕ ಸಾಧನಗಳ ಕಣ್ಣು ಕಿವಿಗಳು

ಇನ್ನು ಚಾಲಕ ಸಹಾಯಕ ಸಾಧನಗಳಿಗೆ ಬರೋಣ. ಇವುಗಳಲ್ಲಿ ಹಳೆಯವು ಚಕ್ರದ ಸ್ಥಿತಿಯನ್ನು ಮಾತ್ರ ನೋಡುತ್ತವೆ. ಬ್ರೇಕು ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ 1978ರಲ್ಲಿ ಜರ್ಮನಿಯಲ್ಲಿ ಮಾರಾಟದ ಕಾರುಗಳಿಗೆ ಬಂದಿತು. ನಮ್ಮಲ್ಲಿ 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಅದೇ ವರ್ಷದ ಜುಲೈ 1ರಿಂದ ಚಾಲಕನ ಏರ್‌ಬ್ಯಾಗು, ಸೀಟುಬೆಲ್ಟಿನ ನೆನಪು, ವೇಗದ ಎಚ್ಚರಿಕೆ, ಹಿಂಬದಿಯ ಸಂವೇದಕಗಳು ಕಡ್ಡಾಯವಾದವು. ಚಕ್ರ ಜಾರುತ್ತಿದೆಯೇ ಇಲ್ಲವೇ ಎಂಬುದನ್ನು ಯಂತ್ರವು ನೇರವಾಗಿ ಅಳೆಯುತ್ತದಾದುದರಿಂದ ಎ.ಬಿ.ಎಸ್. ನಂಬಲರ್ಹವಾದುದು. ಚಾಲಕನು ಇಲ್ಲಿ ಮಾಡಬೇಕಾದುದು ಒಂದೇ: ಪೆಡಲು ಕಾಲ ಕೆಳಗೆ ಮಿಡಿದಾಗ ಹೆದರಿ ಕಾಲನ್ನು ತೆಗೆಯದೆ, ಬಲವಾಗಿ ಒತ್ತಿಹಿಡಿಯುವುದು.

ಹೊಸ ಸಾಧನಗಳು ಹೊರಜಗತ್ತನ್ನು ನೋಡುತ್ತವೆ. ಅವಕ್ಕೆ ಮೂರು ಇಂದ್ರಿಯಗಳು. ಮುಂಭಾಗದ ರೇಡಾರು ಸೆಕೆಂಡಿಗೆ ಸುಮಾರು 7,700 ಕೋಟಿ ಕಂಪನಗಳ ತರಂಗವನ್ನು ಕಳಿಸಿ ಪ್ರತಿಧ್ವನಿಯನ್ನು ಆಲಿಸುತ್ತದೆ. ಈ ತರಂಗದ ಉದ್ದ ನಾಲ್ಕು ಮಿಲಿಮೀಟರಿಗೂ ಕಡಿಮೆ. ಪ್ರತಿಧ್ವನಿ ಮರಳುವ ಕಾಲದಿಂದ ದೂರವನ್ನೂ ಕಂಪನದ ಬದಲಾವಣೆಯಿಂದ ವೇಗವನ್ನೂ ಅದು ತಿಳಿಯುತ್ತದೆ. ಮುಂಗಾಜಿನ ಹಿಂದಿನ ಕ್ಯಾಮೆರಾ ವಸ್ತುಗಳ ಆಕಾರವನ್ನೂ ರಸ್ತೆಯ ಗೆರೆಗಳನ್ನೂ ಗುರುತಿಸುತ್ತದೆ. ಬಂಪರಿನಲ್ಲಿರುವ ಶ್ರವಣಾತೀತ ಶಬ್ದದ ಸಂವೇದಕಗಳು ಕೆಲವೇ ಮೀಟರುಗಳೊಳಗಿನ ಅಡ್ಡಿಗಳನ್ನು ತಿಳಿಸುತ್ತವೆ. ಈ ಮೂರರ ವರದಿಗಳನ್ನು ಒಟ್ಟುಗೂಡಿಸಿ ಗಣಕವು "ಮುಂದೆ ವಾಹನವಿದೆ", "ದಾರಿ ಬರಿದಾಗಿದೆ" ಎಂದು ಅನುಮಾನಿಸುತ್ತದೆ.

ಇವುಗಳಿಂದ ಪ್ರಯೋಜನವಿಲ್ಲವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ತಾನಾಗಿ ಬ್ರೇಕು ಹಾಕುವ ವ್ಯವಸ್ಥೆಯಿಂದ ಹಿಂದಿನಿಂದ ಬಡಿಯುವ ಅಪಘಾತಗಳು ಸುಮಾರು ಅರ್ಧಕ್ಕೆ ಇಳಿದಿವೆಯೆಂದು ಅಮೆರಿಕದ ಹೆದ್ದಾರಿ ಸುರಕ್ಷಾ ವಿಮಾ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ಡಿಕ್ಕಿ ತಪ್ಪದಿದ್ದರೂ ವೇಗ ತಗ್ಗುತ್ತದೆ. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, 80 ಕಿ.ಮೀ. ವೇಗವು 40ಕ್ಕೆ ಇಳಿದರೆ ಹೊಡೆತದ ಶಕ್ತಿ ಕಾಲುಭಾಗವಾಗುತ್ತದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಮೃತರಾದರೆಂಬುದನ್ನು ನೆನೆದರೆ, ಒಂದು ಪ್ರಾಣವನ್ನುಳಿಸುವ ಸಾಧನವೂ ಸ್ವಾಗತಾರ್ಹವೇ. ಆದರೆ ಅದೇ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಇನ್ನೊಂದು ಫಲಿತಾಂಶವನ್ನು ಮರೆಯುವಂತಿಲ್ಲ. ಪಾದಚಾರಿಗಳನ್ನು ಗುರುತಿಸಿ ಬ್ರೇಕು ಹಾಕುವ ವ್ಯವಸ್ಥೆ ಒಟ್ಟಿನಲ್ಲಿ ಅಂಥ ಅಪಘಾತಗಳನ್ನು 27 ಪ್ರತಿಶತ ಕಡಿಮೆ ಮಾಡಿತು. ಆದರೆ ಬೀದಿದೀಪವಿಲ್ಲದ ಕತ್ತಲೆಯ ರಸ್ತೆಗಳಲ್ಲಿ ಅದರಿಂದ ವ್ಯತ್ಯಾಸವೇ ಕಾಣಲಿಲ್ಲ. ರಟ್ಟೀಹಳ್ಳಿಯ ಸುತ್ತಣ ರಸ್ತೆಗಳಲ್ಲಿ ಊರು ದಾಟಿದ ಮೇಲೆ ಬೀದಿದೀಪ ಎಷ್ಟಿವೆಯೆಂಬುದನ್ನು ವಾಚಕರೇ ಬಲ್ಲರು.

ಹೊಗೆಯಿಲ್ಲದ ಬೆಂಕಿ

2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ, ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಮಿನಿ ಬಸ್ಸೊಂದು ಹಿಂದಿನಿಂದ ಬಡಿದು 13 ಜನ ಮೃತರಾದರು. ಅವರು ಯಾತ್ರೆಯನ್ನು ಮುಗಿಸಿ ಭದ್ರಾವತಿ ತಾಲೂಕಿನ ತಮ್ಮ ಊರಿಗೆ ಮರಳುತ್ತಿದ್ದವರು. ಆ ದುರಂತಕ್ಕೆ ಯಾವ ಸಾಧನವನ್ನೂ ಹೊಣೆಮಾಡುವುದು ನಮ್ಮ ಉದ್ದೇಶವಲ್ಲ. ನಮ್ಮ ಜಿಲ್ಲೆಯ ಹೆದ್ದಾರಿಯಲ್ಲಿ ರಾತ್ರಿಯ ಅಪಾಯವು ಯಾವ ರೂಪದಿಂದ ಬರುತ್ತದೆಂಬುದಕ್ಕೆ ಅದನ್ನು ಉಲ್ಲೇಖಿಸಿದ್ದೇವೆ: ನಿಂತ ವಾಹನ, ಕತ್ತಲೆ, ವೇಗ. ಈ ಮೂರೂ ಕೂಡಿದಲ್ಲಿಯೇ ಯಂತ್ರದ ಅನುಮಾನವೂ ದುರ್ಬಲವಾಗುತ್ತದೆಂಬುದನ್ನು ಈಗ ನೋಡೋಣ.

ಅಂತರವನ್ನು ಕಾಯುವ ವ್ಯವಸ್ಥೆಯ ರೇಡಾರಿಗೆ ಚಲಿಸುವ ವಾಹನವನ್ನು ಗುರುತಿಸುವುದು ಸುಲಭ. ನಿಂತ ವಾಹನದ ಪ್ರತಿಧ್ವನಿಯಾದರೋ, ಮೈಲಿಗಲ್ಲು, ಫಲಕ, ಮೇಲ್ಸೇತುವೆ, ವಿಭಜಕದ ಕಬ್ಬಿಣದ ಪಟ್ಟಿ ಮೊದಲಾದುವುಗಳ ಪ್ರತಿಧ್ವನಿಯಂತೆಯೇ ಇರುತ್ತದೆ. ಎಲ್ಲವೂ ಕಾರಿನ ವೇಗದಲ್ಲಿಯೇ ಕಾರಿನತ್ತ ಬರುತ್ತಿರುವಂತೆ ತೋರುತ್ತವೆ. ಪ್ರತಿಯೊಂದಕ್ಕೂ ಬ್ರೇಕು ಹಾಕಿದರೆ ಕಾರನ್ನು ನಡೆಸುವುದೇ ಅಸಾಧ್ಯ. ಆದುದರಿಂದ ಇಂಥ ಅನೇಕ ವ್ಯವಸ್ಥೆಗಳು ಸ್ಥಿರವಾದ ಪ್ರತಿಧ್ವನಿಗಳನ್ನು ಅಲಕ್ಷಿಸುವಂತೆ ರಚಿತವಾಗಿವೆ. ಕ್ಯಾಮೆರಾ ಕೂಡಿದ ವ್ಯವಸ್ಥೆಗಳು ಮೇಲಾದರೂ, ಹೆಚ್ಚಿನ ವೇಗದಲ್ಲಿ ನಿಂತ ವಾಹನಕ್ಕೆ ಬ್ರೇಕು ಬೀಳದಿರಬಹುದೆಂದು ಕೈಪಿಡಿಗಳೇ ಎಚ್ಚರಿಸುತ್ತವೆ. ಮುಂದಿನ ಕಾರು ಥಟ್ಟನೆ ಪಕ್ಕಕ್ಕೆ ಸರಿದು, ಅದರ ಮುಂದೆ ನಿಂತಿದ್ದ ಲಾರಿ ಎದುರಾದಾಗ ಅಪಾಯವು ಪರಾಕಾಷ್ಠೆಗೆ ಏರುತ್ತದೆ. ಯಂತ್ರವು ದಾರಿ ಬರಿದಾಯಿತೆಂದು ಬಗೆದು, ವೇಗವನ್ನು ಹೆಚ್ಚಿಸಲೂಬಹುದು.

ತಾಲೂಕು ರಸ್ತೆಯ ತೊಡಕುಗಳು ಬೇರೆ. ಸುಗ್ಗಿಯ ಕಾಲದಲ್ಲಿ ರೈತರು ಡಾಂಬರು ರಸ್ತೆಯ ಅರ್ಧಭಾಗದ ಮೇಲೆ ಗೋವಿನಜೋಳವನ್ನು ಒಣಹಾಕಿ, ಅಂಚಿಗೆ ಕಲ್ಲುಗಳನ್ನು ಇಡುವುದುಂಟು. ರಸ್ತೆಯ ಗೆರೆ ಕಾಳಿನ ಕೆಳಗೆ ಮುಚ್ಚಿಹೋಗುತ್ತದೆ. ಗೆರೆಯನ್ನೇ ಹೇತುವಾಗಿ ಹಿಡಿದ ಕ್ಯಾಮೆರಾಕ್ಕೆ ಆಧಾರ ತಪ್ಪುತ್ತದೆ. ತಗ್ಗಾದ ರಾಶಿಯನ್ನೂ ಕಲ್ಲುಗಳನ್ನೂ ರೇಡಾರು ಗಣಿಸದಿರಬಹುದು. ಮರದ ಚಕ್ಕಡಿಯಿಂದ ಮರಳುವ ಪ್ರತಿಧ್ವನಿ ಲೋಹದ ವಾಹನದಷ್ಟು ಬಲವಾದುದಲ್ಲ. ಹಿಂದಿನ ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದ, ಹೊಟ್ಟು ಕಣಿಕೆಗಳನ್ನು ಅಗಲವಾಗಿ ಹೇರಿದ ಟ್ರ್ಯಾಕ್ಟರ್ ಟ್ರೇಲರು ಕ್ಯಾಮೆರಾ ಕಲಿತ ಯಾವ ಆಕಾರವನ್ನೂ ಹೋಲುವುದಿಲ್ಲ. ಅಡ್ಡಲಾಗಿ ದಾಟುವ ಎಮ್ಮೆಯು ಕಾರಿನತ್ತ ಬರುತ್ತಲೂ ಇಲ್ಲ, ದೂರ ಸರಿಯುತ್ತಲೂ ಇಲ್ಲ. ಆದುದರಿಂದ ವೇಗದ ಅಳತೆಯಲ್ಲಿ ಅದು ನಿಂತ ವಸ್ತುವಿನಂತೆಯೇ ತೋರುತ್ತದೆ.

ಈ ತಪ್ಪುಗಳಿಗೆ ನಾವು ಕೊಡಬೇಕಾದ ಉತ್ತರವನ್ನು ಗಣಿತವೇ ಹೇಳುತ್ತದೆ. ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡು ಹಿಡಿಯುತ್ತದೆಂದೂ, ಒಣರಸ್ತೆಯಲ್ಲಿ ವೇಗವು ಸೆಕೆಂಡಿಗೆ ಸೆಕೆಂಡಿಗೆ 7 ಮೀಟರಿನಂತೆ ಕುಗ್ಗುತ್ತದೆಂದೂ ಇಟ್ಟುಕೊಳ್ಳೋಣ. ಗಂಟೆಗೆ 60 ಕಿ.ಮೀ. ವೇಗದ ಕಾರು ನಿಲ್ಲುವುದರೊಳಗೆ ಸುಮಾರು 45 ಮೀಟರು, 80ರ ವೇಗದ್ದು 69 ಮೀಟರು, 100ರ ವೇಗದ್ದು 97 ಮೀಟರು ಸಾಗಿರುತ್ತದೆ. ಮಳೆಯಿಂದ ರಸ್ತೆ ನೆನೆದು ಬ್ರೇಕಿನ ಬಲ 4 ಮೀಟರಿಗೆ ಇಳಿದರೆ, 80ರ ವೇಗದಲ್ಲಿಯೇ 95 ಮೀಟರು ಬೇಕು. ತಗ್ಗಿಸಿದ ಹೆಡ್‌ಲೈಟಿನ ಬೆಳಕಿನಲ್ಲಿ ಬಣ್ಣಗೆಟ್ಟ ಟ್ರೇಲರು ಕಾಣುವುದು 40ರಿಂದ 60 ಮೀಟರು ದೂರದಲ್ಲಿ ಎಂದು ಹಿಡಿದರೂ, 80ರ ವೇಗದ ಚಾಲಕನು ತಾನು ಕಾಣಬಲ್ಲುದಕ್ಕಿಂತ ಮುಂದೆ ಓಡುತ್ತಿದ್ದಾನೆಂಬುದು ಸ್ಪಷ್ಟ. ಯಂತ್ರವು ಕಂಡರೆ ಲಾಭ. ಕಾಣದಿದ್ದರೂ ನಾವು ನಿಲ್ಲಬಲ್ಲಂಥ ವೇಗವೇ ಸುರಕ್ಷಿತವಾದ ವೇಗ.

ಚಾಲಕನ ಸ್ಥಾನ

ಸಾಧನಗಳನ್ನು ಅವುಗಳ ಸ್ವಾತಂತ್ರ್ಯಕ್ಕೆ ಅನುಸಾರವಾಗಿ ಸೊನ್ನೆಯಿಂದ ಐದರವರೆಗೆ ಆರು ಮಟ್ಟಗಳಾಗಿ ವಿಂಗಡಿಸುವ ಪದ್ಧತಿ 2014ರಿಂದ ಬಳಕೆಯಲ್ಲಿದೆ. ನಮ್ಮ ಮಾರುಕಟ್ಟೆಯ ಕಾರುಗಳು ಎರಡನೆಯ ಮಟ್ಟದವರೆಗಿನವು. ವೇಗವನ್ನೂ ದಿಕ್ಕನ್ನೂ ಯಂತ್ರವು ಏಕಕಾಲದಲ್ಲಿ ನಿಯಂತ್ರಿಸಿದರೂ, ನೋಡುವ ಕರ್ತವ್ಯ ಚಾಲಕನದೇ ಎಂಬುದು ಈ ಮಟ್ಟದ ಲಕ್ಷಣ. 2016ರ ಮೇ 7ರಂದು ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಇಂಥದೇ ಮಟ್ಟದ ಒಂದು ಕಾರು, ಹೆದ್ದಾರಿಗೆ ಅಡ್ಡಲಾಗಿ ಬಂದ ಟ್ರೇಲರ್ ಲಾರಿಗೆ ಬಡಿದು ಅದರ ಚಾಲಕನು ಮೃತನಾದನು. ಯಂತ್ರವೂ ಬ್ರೇಕು ಹಾಕಲಿಲ್ಲ, ಚಾಲಕನೂ ಹಾಕಲಿಲ್ಲ.

ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ ಅವರು 1983ರಲ್ಲಿಯೇ ಈ ವಿರೋಧಾಭಾಸವನ್ನು ಎತ್ತಿತೋರಿಸಿದ್ದರು. ಯಂತ್ರವು ಸುಲಭವಾದ ಕೆಲಸವನ್ನು ತಾನು ವಹಿಸಿಕೊಂಡು ಕಠಿನವಾದುದನ್ನು ಮನುಷ್ಯನಿಗೆ ಬಿಡುತ್ತದೆ. ಆದರೆ ಸುಲಭವಾದುದನ್ನು ನಿತ್ಯವೂ ಮಾಡುತ್ತಿದ್ದುದರಿಂದಲೇ ಮನುಷ್ಯನಿಗೆ ಕಠಿನವಾದುದನ್ನು ಮಾಡುವ ಕೌಶಲ ಬರುತ್ತಿತ್ತು. ನೂರು ಸಾರಿ ಕಾರೇ ಬ್ರೇಕು ಹಾಕಿದುದನ್ನು ಕಂಡವನ ಕಾಲು ನೂರೊಂದನೆಯ ಸಾರಿ ಬ್ರೇಕಿನ ಬಳಿ ಇರುವುದಿಲ್ಲ.

ಮೇಲಣ ವಿವೇಚನೆಯಿಂದ ಕೆಲವು ನಿಯಮಗಳು ತಾವಾಗಿ ಹೊರಡುತ್ತವೆ. ಅಂತರ ಕಾಯುವ ವ್ಯವಸ್ಥೆಯನ್ನು ವಿಭಜಕವಿರುವ ಹೆದ್ದಾರಿಯಲ್ಲಿ ಹಗಲುಹೊತ್ತು ಬಳಸಬಹುದು. ಓಣಿಯಲ್ಲಿ, ಸಂತೆಯಲ್ಲಿ, ಒಕ್ಕಣೆಯ ರಸ್ತೆಯಲ್ಲಿ, ದಟ್ಟ ಮಳೆ ಮಂಜುಗಳಲ್ಲಿ ಬಳಸಬಾರದು. ಪಥ ಕಾಯುವ ವ್ಯವಸ್ಥೆ ಚಾಲೂ ಇದ್ದಾಗ ಗುಂಡಿ ತಪ್ಪಿಸಲು ಕಾರನ್ನು ಸರಿಸಿದರೆ ಸ್ಟಿಯರಿಂಗು ಪ್ರತಿಯಾಗಿ ಎಳೆಯುತ್ತದೆ. ಆದುದರಿಂದ ಎರಡೂ ಕೈಗಳಿಂದ ಹಿಡಿದಿರಬೇಕು, ಸರಿಯುವ ಮುನ್ನ ಇಂಡಿಕೇಟರು ಹಾಕಬೇಕು, ಗೆರೆ ಮಾಸಿದ ರಸ್ತೆಯಲ್ಲಿ ಆ ವ್ಯವಸ್ಥೆಯನ್ನು ನಿಲ್ಲಿಸಬೇಕು. ತಾನಾಗಿ ಬ್ರೇಕು ಹಾಕುವ ವ್ಯವಸ್ಥೆಯನ್ನಾದರೋ, ಒಮ್ಮೊಮ್ಮೆ ಸುಮ್ಮನೆ ಗಾಬರಿಪಡಿಸುತ್ತದೆಂಬ ಕಾರಣಕ್ಕೆ ನಿಲ್ಲಿಸಬಾರದು. ಅದು ಕೊನೆಯ ಆಸರೆ. ಅದು ಥಟ್ಟನೆ ನಿಲ್ಲಿಸಿದಾಗ ಹಿಂದಿನವನು ಬಡಿಯದಂತೆ, ಬೆನ್ನಿಗಂಟಿ ಬರುವವರಿಗೆ ಮೊದಲೇ ದಾರಿ ಬಿಡುವುದು ಒಳಿತು. ಹಿಂದಕ್ಕೆ ಚಲಿಸುವಾಗ ಸಂವೇದಕದ ಸದ್ದಿಲ್ಲವೆಂದು ನೆಚ್ಚಬಾರದು. ಮೃದುವಾದ ಬಟ್ಟೆ ಶಬ್ದವನ್ನು ಹೀರಿಕೊಳ್ಳುತ್ತದೆ. ಬಂಪರಿಗಿಂತ ಕುಳ್ಳಾದ ಮಗು ಅದಕ್ಕೆ ತಿಳಿಯದೆಯೂ ಹೋಗಬಹುದು. ಇಳಿದು ನೋಡಿ ಹತ್ತುವುದೇ ಲೇಸು.

ಸಂವೇದಕಗಳ ಶುಚಿತ್ವವೂ ಅಷ್ಟೇ ಮುಖ್ಯ. ಹೊಲದ ರಸ್ತೆಯ ಕೆಸರು, ಮುಂಭಾಗಕ್ಕೆ ಹಾಕಿಸಿದ ಕಬ್ಬಿಣದ ಗಾರ್ಡು, ಗಾಜಿನ ಮೇಲೆ ಅಂಟಿಸಿದ ಚಿತ್ರ, ಇವೆಲ್ಲವೂ ಯಂತ್ರವನ್ನು ಕುರುಡಾಗಿಸುತ್ತವೆ. ಆಯುಧಪೂಜೆಯ ದಿನ ಕಾರಿಗೆ ವಿಭೂತಿ ಕುಂಕುಮಗಳನ್ನಿಟ್ಟು ಹಾರ ಹಾಕುವುದು ನಮ್ಮ ಪದ್ಧತಿ. ಪೂಜೆಯಾದ ಮೇಲೆ ಕ್ಯಾಮೆರಾದ ಮುಂದಿನ ಗಾಜನ್ನೂ ರೇಡಾರಿನ ಮುಖವನ್ನೂ ಒರೆಸಿ ಹೊರಡಬೇಕು. ಮುಂಗಾಜನ್ನು ಬದಲಿಸಿದರೆ ಕ್ಯಾಮೆರಾದ ದೃಷ್ಟಿಯನ್ನು ಮತ್ತೆ ಸರಿಹೊಂದಿಸಿಕೊಳ್ಳಬೇಕು. ಹೊಣೆ ಚಾಲಕನೊಬ್ಬನದೇ ಅಲ್ಲ: ಚಕ್ಕಡಿಗೂ ಟ್ರೇಲರಿಗೂ ಒಂದು ಗೇಣು ಹೊಳೆಯುವ ಪಟ್ಟಿಯನ್ನು ಅಂಟಿಸಿದರೆ ಮನುಷ್ಯನ ಕಣ್ಣಿಗೂ ಯಂತ್ರದ ಕಣ್ಣಿಗೂ ಅದು ಏಕಕಾಲದಲ್ಲಿ ಹೇತುವಾಗುತ್ತದೆ.

ಉಪಸಂಹಾರ

ಕಾಲೇಜಿನ ಉಪಾಧ್ಯಾಯರು ಈ ವಿಷಯವನ್ನು ತರಗತಿಗೆ ತರಲು ಹೆಚ್ಚಿನ ಉಪಕರಣಗಳೇನೂ ಬೇಕಿಲ್ಲ. ನಿಲ್ಲಿಸಿದ ಕಾರಿನ ಸುತ್ತ ಕೀಲಿಕೈಯನ್ನು ಹಿಡಿದು, ಎಷ್ಟು ದೂರದವರೆಗೆ ಬಾಗಿಲು ತೆರೆಯುತ್ತದೆಂಬುದನ್ನು ಅಳೆಪಟ್ಟಿಯಿಂದ ಅಳೆದು ನಕ್ಷೆ ಬರೆಯಬಹುದು. ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಡಬ್ಬಿಗಳನ್ನು ಹೋಲಿಸಬಹುದು. ನಿಲ್ಲುವ ದೂರದ ಲೆಕ್ಕವನ್ನು ಬೇರೆ ಬೇರೆ ವೇಗಗಳಿಗೆ ಮಾಡಿಸಬಹುದು. ತರ್ಕದ ಉಪಾಧ್ಯಾಯರಿಗೂ ಭೌತಶಾಸ್ತ್ರದ ಉಪಾಧ್ಯಾಯರಿಗೂ ಇಲ್ಲಿ ಸಮಾನವಾದ ಪಾಲಿದೆ.

ಅನುಮಾನವೆಂಬ ಶಬ್ದಕ್ಕೆ ಶಾಸ್ತ್ರದಲ್ಲಿ ಊಹೆಯ ಪ್ರಮಾಣವೆಂದು ಅರ್ಥ. ನಮ್ಮ ಆಡುಮಾತಿನಲ್ಲಿ ಸಂಶಯವೆಂದು ಅರ್ಥ. ಯಂತ್ರವು ಮೊದಲನೆಯ ಅರ್ಥದಲ್ಲಿ ಅನುಮಾನಿಸುತ್ತದೆ. ಎರಡನೆಯ ಅರ್ಥದ ಅನುಮಾನ ಅದಕ್ಕೆ ಬಾರದು; ತಾನು ತಪ್ಪಿರಬಹುದೇ ಎಂದು ಅದು ನಮ್ಮಂತೆ ಹಿಂದುಮುಂದು ನೋಡುವುದಿಲ್ಲ. ಆ ಕೆಲಸ ಸ್ಟಿಯರಿಂಗಿನ ಹಿಂದೆ ಕುಳಿತವನದು. ಕೀಲಿಕೈಯನ್ನು ಡಬ್ಬಿಯಲ್ಲಿಡುವವನೂ, ಕತ್ತಲೆಯಲ್ಲಿ ವೇಗ ತಗ್ಗಿಸುವವನೂ ಯಂತ್ರವನ್ನು ನಿರಾಕರಿಸಿದವರಲ್ಲ; ಅದಕ್ಕೆ ಇಲ್ಲದ ಸಂಶಯವನ್ನು ತಾವು ಪೂರೈಸಿ, ಅದರ ಕೆಲಸವನ್ನು ಪೂರ್ಣಗೊಳಿಸಿದವರು.